ಗೋಡೆಯಿಲ್ಲದ ಅಂಗಳ

ಪಾಲುಗಾರಿಕೆಯ ವಸ್ತುಗಳಲ್ಲಿ ಬಾವಿ, ದಾರಿ, ನಡುಗೋಡೆ ಈ ಮೂರೂ ಜಗಳಕ್ಕೆ ಹೆಸರಾದವು. ನ್ಯಾಯಾಲಯದ ಕಡತಗಳಲ್ಲಿ ಇವುಗಳ ಸ್ಥಾನ ಬಹಳ ದೊಡ್ಡದು. ಆದರೆ ಕಡತಕ್ಕೆ ಏರದೆ, ವಕೀಲರಿಗೆ ಬಿಡಿಗಾಸನ್ನೂ ಸಂಪಾದಿಸಿಕೊಡದೆ, ಮನಸ್ಸಿನೊಳಗೇ ಕುದಿಯುವ ಜಗಳವೊಂದುಂಟು. ಅದು ಕೈತೋಟದ ಜಗಳ. ಒಂದೇ ಅಂಗಳದ ಅರ್ಧವನ್ನು ಒಬ್ಬನು ಮಗುವಿನಂತೆ ಸಾಕುತ್ತಿರುವಾಗ, ಉಳಿದರ್ಧದ ಒಡೆಯನು ಅದರ ಕಡೆ ತಿರುಗಿಯೂ ನೋಡದಿದ್ದರೆ, ಮೊದಲನೆಯವನ ಸಂಕಟ ಹೇಳತೀರದು. ಬೈಯುವಂತಿಲ್ಲ, ಏಕೆಂದರೆ ಎದುರಿನವನು ಏನನ್ನೂ ಮಾಡಿಲ್ಲ. ಏನನ್ನೂ ಮಾಡದಿರುವುದೇ ಅವನ ಅಪರಾಧ!

ಬಸವನಗುಡಿಯ ಒಂದು ಬೀದಿಯಲ್ಲಿ ವಾಸವಾಗಿರುವ ನಿವೃತ್ತ ಮೇಷ್ಟರಿಗೆ ಒದಗಿದ್ದು ಇದೇ ಸಂಕಟ. 1898ರಲ್ಲಿ ಪ್ಲೇಗು ಬೆಂಗಳೂರನ್ನು ತತ್ತರಿಸುವಂತೆ ಮಾಡಿದ ಮೇಲೆ, ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಗಾಳಿ ಬೆಳಕಿನಲ್ಲಿ ಬಾಳಲಿ ಎಂದು ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಲ್ಲಿನ ಹಳೆಯ ಮನೆಗಳಿಗೆ ಮುಂದೊಂದು ಅಂಗಳ, ಹಿಂದೊಂದು ಹಿತ್ತಿಲು ಇರಲೇಬೇಕೆಂಬುದು ಅಂದಿನವರ ನಂಬಿಕೆ. ಅಂಥ ಮನೆಗಳಲ್ಲಿ ಬಹುಪಾಲು ಈಗ ಅಪಾರ್ಟ್‌ಮೆಂಟುಗಳಾಗಿ ಎದ್ದುನಿಂತಿವೆ. ಮೇಷ್ಟರ ಮನೆ ಮಾತ್ರ ಹೇಗೋ ಉಳಿದುಕೊಂಡಿದೆ. ಅವರ ತಂದೆಯೂ ಚಿಕ್ಕಪ್ಪನೂ ಮನೆಯನ್ನು ಸರಿಯಾಗಿ ನಡುವಿಗೆ ಸೀಳಿ ಹಂಚಿಕೊಂಡಾಗ, ಅಂಗಳದ ಮಧ್ಯದಲ್ಲಿದ್ದ ಬಾವಿಯನ್ನು ಸೀಳುವುದು ಸಾಧ್ಯವಾಗಲಿಲ್ಲ. ಆದ್ದರಿಂದ ಬಾವಿಯೂ ಗೇಟೂ ಇಬ್ಬರಿಗೂ ಸೇರಿದ್ದು, ಅಂಗಳದಲ್ಲಿ ಎಂದೆಂದಿಗೂ ಗೋಡೆ ಏಳಕೂಡದು ಎಂದು ವಿಭಾಗಪತ್ರದಲ್ಲಿ ಬರೆಸಿದರು. ಬಾವಿ ಬತ್ತಿ ಅದರ ಮೇಲೆ ಕಬ್ಬಿಣದ ಜಾಲರಿ ಬಿದ್ದು ವರ್ಷಗಳಾದವು; ಚಿಕ್ಕಪ್ಪನ ಮಕ್ಕಳು ತಮ್ಮ ಪಾಲನ್ನು ಮಾರಿ ಹೊರಟೂ ಹೋದರು. ಗೋಡೆ ಏಳಕೂಡದೆಂಬ ಮಾತು ಮಾತ್ರ ಹಾಗೆಯೇ ಉಳಿಯಿತು.

ಮೇಷ್ಟರು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಸಸ್ಯಶಾಸ್ತ್ರದ ಪಾಠ ಬಂದರೆ ಹುಡುಗರನ್ನು ಲಾಲ್‌ಬಾಗಿಗೆ ಸಾಲಾಗಿ ನಡೆಸಿಕೊಂಡು ಹೋಗುತ್ತಿದ್ದರು. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರನ ಕೈಯಲ್ಲಿ ಹೇಗೆ ಅರಳಿತೆಂಬುದನ್ನು ವರ್ಣಿಸುವುದೆಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ಊರಿನ ಬೀದಿಗಳು ವರ್ಷದ ಯಾವ ತಿಂಗಳಿನಲ್ಲಿಯೂ ಹೂವಿಲ್ಲದೆ ಇರಬಾರದು ಎಂಬ ಕ್ರುಂಬಿಗಲ್ಲರ ಯೋಜನೆಯನ್ನು ಮೇಷ್ಟರು ತಮ್ಮ ಅರ್ಧ ಅಂಗಳದಲ್ಲಿಯೇ ಜಾರಿಗೆ ತಂದಿದ್ದರು. ಬೇಸಗೆಗೆ ಮಲ್ಲಿಗೆ, ಮಳೆಗಾಲಕ್ಕೆ ಪಾರಿಜಾತ, ಚಳಿಗಾಲಕ್ಕೆ ಸೇವಂತಿಗೆ, ವರ್ಷವಿಡೀ ದಾಸವಾಳ. ಮೂಲೆಯಲ್ಲಿ ಕರಿಬೇವು, ಅದರ ಬುಡದಲ್ಲಿ ದೊಡ್ಡಪತ್ರೆ. ಮಧ್ಯದಲ್ಲಿ ತುಳಸಿಕಟ್ಟೆ.

ಬಾವಿಯಿಂದಾಚೆಗೆ ಇನ್ನೊಂದು ಲೋಕ. ಅಲ್ಲಿ ಒಂದು ನುಗ್ಗೆಮರ, ಅದರ ಕೆಳಗೆ ಎದೆಯುದ್ದದ ಕಳೆ, ಕಳೆಯ ನಡುವೆ ಒಂದು ಮುರುಕು ತ್ರಿಚಕ್ರ ಸೈಕಲ್ಲು, ಕಾಂಪೌಂಡಿನ ಮೂಲೆಯಲ್ಲಿ ಒಂದು ಎಕ್ಕದ ಗಿಡ. ಆ ಪಾಲನ್ನು ಕೊಂಡವರು ಎಂಜಿನಿಯರ್ ದಂಪತಿಗಳು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ಹಿಂದಿರುಗುವ ಜನ. ಹಗಲೆಲ್ಲ ಮನೆಯಲ್ಲಿರುವವರು ಎಂಜಿನಿಯರರ ವೃದ್ಧ ತಾಯಿ. ಶಾಲೆ ಬಿಟ್ಟ ಮೇಲೆ ಒಂಬತ್ತು ವರ್ಷದ ಮೊಮ್ಮಗಳು. ಜಗಳಗಂಟರಲ್ಲ, ಹಬ್ಬಕ್ಕೆ ಕೋಸಂಬರಿ ಕೊಟ್ಟುಕಳುಹಿಸುವಷ್ಟು ಸಜ್ಜನರು. ಆದರೆ ಅಂಗಳವೆಂಬುದು ಗೇಟಿನಿಂದ ಬಾಗಿಲಿಗೆ ನಡೆದುಹೋಗುವ ದಾರಿ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ ಎಂಬುದು ಅವರ ಭಾವನೆ.

ಇದರಿಂದ ಮೇಷ್ಟರಿಗೇನು ನಷ್ಟ ಎಂದು ಕೇಳುವವರು ಕೈತೋಟ ಮಾಡಿದವರಲ್ಲ. ಕಳೆಗೆ ವಿಭಾಗಪತ್ರ ಓದಲು ಬರುವುದಿಲ್ಲ. ಜನ ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಮ್ಮನ್ನೇ ನೋಡಿ. 1950ರ ದಶಕದ ನಡುವಿನಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದ ಈ ಅಮೆರಿಕದ ಕಳೆ ಇಂದು ದೇಶವನ್ನೆಲ್ಲ ವ್ಯಾಪಿಸಿದೆ. ಒಂದೊಂದು ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಅದರ ಹೂಪುಡಿ ಕೆಲವರಿಗೆ ಮೈಕೆರೆತವನ್ನೂ ಉಬ್ಬಸವನ್ನೂ ತರುತ್ತದೆ. ಹೂ ಬಿಡುವ ಮುನ್ನ ಬೇರುಸಹಿತ ಕಿತ್ತರೆ ಮಾತ್ರ ಅದರ ಉಪಟಳ ತಗ್ಗೀತು. ಮೇಷ್ಟರು ತಮ್ಮ ಅರ್ಧದಲ್ಲಿ ತಪ್ಪದೆ ಕಿತ್ತರು. ಆಚೆಯ ಅರ್ಧದಿಂದ ಬೀಜ ಗಾಳಿಯಲ್ಲಿ ತೇಲಿ ಬಂತು. ಜೇಕಿನ ಹುಲ್ಲು ಗಾಳಿಯನ್ನೂ ಕಾಯಲಿಲ್ಲ. ನೆಲದೊಳಗೇ ಗಡ್ಡೆಗೆ ಗಡ್ಡೆ ಪೋಣಿಸಿಕೊಂಡು, ಸುರಂಗ ತೋಡುವ ಕಳ್ಳನಂತೆ ಈಚೆಗೆ ನುಗ್ಗಿತು. ಮೇಲಿನ ಹುಲ್ಲನ್ನು ಕಿತ್ತಷ್ಟೂ ಕೆಳಗಿನ ಗಡ್ಡೆ ಚಿಗುರಿತು.

ಇವೆಲ್ಲಕ್ಕಿಂತ ಮಿಗಿಲು ಬಸವನಹುಳುಗಳ ಕಾಟ. ಆಫ್ರಿಕದ ಈ ದೈತ್ಯ ಬಸವನಹುಳುವನ್ನು 1847ರಲ್ಲಿ ಒಬ್ಬ ಇಂಗ್ಲಿಷ್ ದೊರೆ ಕೌತುಕಕ್ಕೆಂದು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದನಂತೆ. ಅಂದಿನ ಒಬ್ಬನ ಕೌತುಕಕ್ಕೆ ಇಂದು ಬೆಂಗಳೂರಿನ ಕೈತೋಟಗಳು ತೆರಿಗೆ ಕಟ್ಟುತ್ತಿವೆ! ಹಗಲು ಆಚೆಯ ಕಸದ ತಂಪಿನಲ್ಲಿ ಮಲಗಿದ್ದು, ಮಳೆಯ ರಾತ್ರಿಗಳಲ್ಲಿ ಮೆರವಣಿಗೆ ಹೊರಟು, ಮೇಷ್ಟರ ಚೆಂಡುಹೂವಿನ ಸಸಿಗಳನ್ನು ದಂಟು ಮಾತ್ರ ಉಳಿಯುವಂತೆ ಮೇಯ್ದು, ಬೆಳಗಾಗುವುದರೊಳಗೆ ಅವು ಸ್ವಸ್ಥಾನ ಸೇರುತ್ತಿದ್ದುವು.

ಮೇಷ್ಟರು ಮೊದಲು ಉಪದೇಶವನ್ನು ಪ್ರಯೋಗಿಸಿದರು. ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಹೊರಬಂದ ಎಂಜಿನಿಯರರಿಗೆ ಪಾರ್ಥೇನಿಯಮ್ಮಿನ ಚರಿತ್ರೆಯನ್ನು ಮುಕ್ಕಾಲು ಗಂಟೆ ಹೇಳಿದರು. ಅವರು ನಯವಾಗಿ ತಲೆದೂಗಿದರು. ಮಾರನೆಯ ಭಾನುವಾರದಿಂದ ಹಲ್ಲುಜ್ಜುವುದಕ್ಕೆ ಹೊರಗೆ ಬರಲಿಲ್ಲ.

ಆಮೇಲೆ ಮೇಷ್ಟರು ನಿದರ್ಶನದ ಮಾರ್ಗ ಹಿಡಿದರು. ತಮ್ಮ ಪಾಲು ಇನ್ನಷ್ಟು ಚೆನ್ನಾದರೆ ಆಚೆಯವರಿಗೆ ತಾನಾಗಿಯೇ ನಾಚಿಕೆಯಾದೀತೆಂದು ಗುಲಾಬಿ ತಂದು ನೆಟ್ಟರು. ಕಾಲುದಾರಿಗೆ ಇಟ್ಟಿಗೆಯ ಅಂಚು ಕಟ್ಟಿದರು. ನಾಚಿಕೆ ಯಾರಿಗೂ ಆದಂತೆ ಕಾಣಲಿಲ್ಲ. ಎಂಜಿನಿಯರರ ಹೆಂಡತಿ ಮಾತ್ರ ಒಂದು ದಿನ ಸಂತೋಷದಿಂದ, "ನಿಮ್ಮ ಗುಲಾಬಿಯಿಂದಾಗಿ ನಮ್ಮ ಮನೆಯ ಮುಂದೂ ಎಷ್ಟು ಲಕ್ಷಣವಾಗಿದೆ ಸಾರ್" ಎಂದರು.

"ಅವರಿಗೆ ನಮ್ಮ ಅರ್ಧವೇ ಸಾಕಾಗಿದೆ ಕಣೇ. ತಮ್ಮ ಅರ್ಧ ಬೇಕಾಗಿಯೇ ಇಲ್ಲ" ಎಂದು ಮೇಷ್ಟರು ಒಳಗೆ ಬಂದು ಗೊಣಗಿದರು.

"ನಿಮಗೆ ನಿಮ್ಮ ಅರ್ಧ ಸಾಲದೆ ಇರುವುದೇ ತೊಂದರೆ ಅಂದ್ರೆ" ಎಂದು ಅವರ ಮನೆಯಾಕೆ ಅಕ್ಕಿ ಆರಿಸುತ್ತಲೇ ಉತ್ತರ ಕೊಟ್ಟರು.

ಈ ಮಾತಿನಲ್ಲಿದ್ದ ಸತ್ಯ ಮೇಷ್ಟರಿಗೆ ಹೊಳೆಯಲು ಇನ್ನೂ ಕೆಲವು ದಿನ ಹಿಡಿಯಿತು.

*

2022ರ ಬೇಸಗೆಯಲ್ಲಿ ಬೆಂಗಳೂರಿಗೆ ಮಳೆ ಧಾರಾಳವಾಗಿ ಬಿತ್ತು. ಮೇ ತಿಂಗಳಿಗಾಗಲೇ ಆಚೆಯ ಅರ್ಧ ಕಾಡಿನ ಸ್ವರೂಪ ತಾಳಿತ್ತು. ಒಂದು ಬೆಳಿಗ್ಗೆ ಮೇಷ್ಟರು ನೋಡುತ್ತಾರೆ: ನುಗ್ಗೆಮರದ ಕಾಂಡಕ್ಕೆ ಯಾರೋ ಕಂಬಳಿ ಹೊದಿಸಿದಂತೆ ಕಂಬಳಿಹುಳುಗಳು ಮುತ್ತಿವೆ! ಕೆಲವು ನೆಲಕ್ಕಿಳಿದು ಬಾವಿಕಟ್ಟೆಯನ್ನು ದಾಟಿ ತುಳಸಿಕಟ್ಟೆಯವರೆಗೆ ಬಂದಿವೆ. ಬಟ್ಟೆ ಒಣಹಾಕಲು ಬಂದ ಮನೆಯಾಕೆಯ ಮುಂಗೈ ದದ್ದುಗಟ್ಟಿತು. ಇನ್ನು ಸುಮ್ಮನಿರುವುದು ಸಾಧ್ಯವಿಲ್ಲವೆಂದು ಮೇಷ್ಟರು ಎಂಜಿನಿಯರರಿಗೆ ಫೋನು ಮಾಡಿದರು.

ಅವರು ತಾಯಿ, ಹೆಂಡತಿ, ಮಗಳೊಡನೆ ತುಮಕೂರಿಗೆ ಉಪನಯನವೊಂದಕ್ಕೆ ಹೋಗಿದ್ದರು. ಹಿಂದೆ ವಾಲಗದ ಸದ್ದು. "ಏನಾದರೂ ಮಾಡಿ ಸಾರ್. ನೀವು ಮಾಡಿದ್ದು ಸರಿಯಾಗಿಯೇ ಇರುತ್ತದೆ" ಎಂದು ಅವರು ಕೂಗಿ ಹೇಳಿ ಫೋನಿಟ್ಟರು.

'ಏನಾದರೂ ಮಾಡಿ' ಎಂಬುದು ಅಪಾಯಕರವಾದ ಮಾತು. ಹೇಳುವವನು ಅದರಲ್ಲಿ ಒಂದು ತೊಲೆ ಅರ್ಥವಿಟ್ಟರೆ, ಕೇಳುವವನು ಒಂದು ಮಣ ಅರ್ಥ ತೆಗೆಯುತ್ತಾನೆ. ಎಂಜಿನಿಯರರು ಕಂಬಳಿಹುಳುವಿನ ಮಾತನಾಡಿದ್ದರು. ಮೇಷ್ಟರು ಅದನ್ನು ಇಡೀ ಅರ್ಧ ಅಂಗಳದ ಅಧಿಕಾರಪತ್ರವೆಂದು ಭಾವಿಸಿದರು. ವರ್ಷಗಟ್ಟಲೆ ಕಾದಿದ್ದ ಅವಕಾಶ!

ಆಳು ಬಂದ. ಮೊದಲು ಪಂಜಿನಿಂದ ಕಂಬಳಿಹುಳುಗಳ ವಿಲೇವಾರಿಯಾಯಿತು. ನುಗ್ಗೆಯ ಕೊಂಬೆಗಳನ್ನು ತರಿದುದಾಯಿತು. ಪಾರ್ಥೇನಿಯಮ್ಮಿಗೆ ಔಷಧಿ ಹೊಡೆಯೋಣವೇ ಎಂದು ಆಳು ಕೇಳಿದಾಗ ಮೇಷ್ಟರು ಬಗ್ಗಿ ನೋಡಿ ಬೇಡವೆಂದರು. ಎಲೆಗಳ ಮೇಲೆ ಕೆನೆಬಣ್ಣದ, ಕಂದು ಪಟ್ಟೆಗಳ ಸಣ್ಣ ಜೀರುಂಡೆಗಳು ಕಾಣಿಸಿದ್ದವು. ಆ ಕಳೆಯನ್ನಷ್ಟೇ ಇಷ್ಟಪಟ್ಟು ತಿನ್ನುವ ಆ ಕೀಟವನ್ನು ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನ ಸುತ್ತ ಮೊದಲಿಗೆ ಬಿಟ್ಟುದನ್ನು ಅವರು ಬಲ್ಲರು. "ಇವು ನಮ್ಮ ಸ್ನೇಹಿತರಪ್ಪ, ವಿಷ ಹೊಡೆದರೆ ಸತ್ತಾವು. ಗಿಡವನ್ನು ಕೈಯಿಂದ ಕೀಳು, ಕೈಗೆ ಚೀಲ ಕಟ್ಟಿಕೋ" ಎಂದು ಹೇಳಿ, ತಮ್ಮ ತಿಳಿವಳಿಕೆಗೆ ತಾವೇ ಮೆಚ್ಚಿ, ಕಾಫಿ ಕುಡಿಯಲು ಒಳಗೆ ಹೋದರು.

"ಸಾರ್, ಮೂಲೇಲಿ ಎಕ್ಕದ ಗಿಡ ಐತೆ. ಅದಕ್ಕೂ ಹುಳ ಹತ್ತೈತೆ" ಎಂದು ಆಳು ಹೊರಗಿನಿಂದ ಕೂಗಿದ.

"ಕಡಿದು ಹಾಕು" ಎಂದರು ಮೇಷ್ಟರು, ಲೋಟವನ್ನು ಕೆಳಗಿಡದೆ.

ಸಂಜೆಯ ಹೊತ್ತಿಗೆ ಎರಡೂ ಅರ್ಧಗಳು ಒಂದಾಗಿದ್ದವು. ಮೇಷ್ಟರು ಗೇಟಿನ ಬಳಿ ನಿಂತು ಬಹಳ ಹೊತ್ತು ನೋಡಿದರು. ಅಂದು ರಾತ್ರಿ ಅವರಿಗೆ ಬಂದ ನಿದ್ದೆ, ನಿವೃತ್ತಿಯಾದಂದಿನಿಂದ ಬಂದಿರಲಿಲ್ಲ.

*

ಮರುದಿನ ಮಧ್ಯಾಹ್ನ ಪಕ್ಕದವರು ಊರಿನಿಂದ ಬಂದರು. ಎಂಜಿನಿಯರರು ಅಂಗಳವನ್ನು ನೋಡಿ, "ಅಬ್ಬ! ಕಾರು ನಿಲ್ಲಿಸಬಹುದು ಸಾರ್" ಎಂದು ಬೆರಗಾದರು. ಮೇಷ್ಟರು ಬಯಸಿದ್ದ ಮೆಚ್ಚುಗೆ ಅದಲ್ಲವಾದರೂ ಮೆಚ್ಚುಗೆ ಮೆಚ್ಚುಗೆಯೇ. ಅಷ್ಟರಲ್ಲಿ ಹುಡುಗಿ ಚೀಲವನ್ನು ಮೆಟ್ಟಿಲ ಮೇಲೆ ಬಿಸುಟು ನೇರವಾಗಿ ಕಾಂಪೌಂಡಿನ ಮೂಲೆಗೆ ಓಡಿದಳು. ಅಲ್ಲಿ ನೆಲಮಟ್ಟಕ್ಕೆ ಕಡಿದ ಬುಡವೊಂದು ಹಾಲು ಒಸರಿ ಒಣಗಿ ನಿಂತಿತ್ತು.

ಅವಳು ಅಳಲಿಲ್ಲ. ಒಳಗೆ ಹೋಗಿ ಒಂದು ನೋಟ್‌ಪುಸ್ತಕ ತಂದು ಮೇಷ್ಟರ ಕೈಗಿತ್ತಳು. ಪೆನ್ಸಿಲಿನಲ್ಲಿ ಎಕ್ಕದ ಎಲೆಯ ಚಿತ್ರ. ಎಲೆಯ ಅಡಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ, 'ಮೊಟ್ಟೆ' ಎಂಬ ಬರಹ, ಪಕ್ಕದಲ್ಲಿ ತಾರೀಖು. ಮುಂದಿನ ಪುಟದಲ್ಲಿ ಕಪ್ಪು, ಬಿಳಿ, ಹಳದಿ ಉಂಗುರಗಳನ್ನು ತೊಟ್ಟ ಹುಳು. ಬೆನ್ನಿನ ಮೇಲೆ ಮೂರು ಜೊತೆ ಕಪ್ಪು ಕೋಡುಗಳು. ಕೊನೆಯ ಪುಟದಲ್ಲಿ, 'ಒಟ್ಟು ಏಳು. ಊರಿಂದ ಬಂದ ಮೇಲೆ ನೋಡಬೇಕು.'

ಮೇಷ್ಟರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಆ ಹುಳುವಿನ ಚಿತ್ರವನ್ನು ಅವರೇ ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿದ್ದರು. ಎಕ್ಕದ ವಿಷದ ಹಾಲನ್ನು ಮೈಯಲ್ಲಿ ಕೂಡಿಟ್ಟುಕೊಂಡು, ಹಕ್ಕಿಗಳಿಗೆ ಬೇಡವಾಗಿ ಬದುಕುವ ಹುಳು. ಮುಂದೆ ಕಿತ್ತಳೆ ರೆಕ್ಕೆಯ, ಕಪ್ಪು ಅಂಚಿನ, ಬಿಳಿ ಚುಕ್ಕೆಗಳ ಚಿಟ್ಟೆ. ಇಂಗ್ಲಿಷಿನವರು ಪ್ಲೇನ್ ಟೈಗರ್ ಎನ್ನುತ್ತಾರೆ. ಎಕ್ಕ ಮತ್ತು ಅದರ ಬಳಗದ ಗಿಡಗಳಿಲ್ಲದಿದ್ದರೆ ಆ ಚಿಟ್ಟೆಯಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಎರಡು ಅಂಕ ಇಡುತ್ತಿದ್ದವರೂ ಅವರೇ. ಮೆಕ್ಸಿಕೋದ ಜೀರುಂಡೆಯನ್ನು ಗುರುತು ಹಿಡಿದ ಕಣ್ಣು, ಪಕ್ಕದ ಮೂಲೆಯ ಚಿಟ್ಟೆಯನ್ನು ನೋಡಲು ಕಾಫಿ ಲೋಟ ಕೆಳಗಿಟ್ಟು ಹೊರಬಂದಿರಲಿಲ್ಲ.

"ಇವು ಕಚ್ಚೋ ಹುಳ ಅಲ್ಲ ತಾತ. ನೀವು ಸೈನ್ಸ್ ಮೇಷ್ಟ್ರಲ್ವಾ?" ಎಂದಳು ಹುಡುಗಿ. ಅವಳ ಸ್ವರದಲ್ಲಿ ಆಕ್ಷೇಪಣೆಗಿಂತ ಸಂದೇಹ ಹೆಚ್ಚಾಗಿತ್ತು. ಅದೇ ಮೇಷ್ಟರಿಗೆ ತಡೆಯಲಾರದಷ್ಟು ನೋವು ಕೊಟ್ಟಿತು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಹೋಗಲಿ ಬಿಡು ಮಗು, ಅವರು ಒಳ್ಳೆಯದಕ್ಕೇ ಮಾಡಿದ್ದಾರೆ" ಎಂದು ಸಮಾಧಾನ ಹೇಳಿದರು. ಬಳಿಕ ಮೇಷ್ಟರ ಕಡೆ ತಿರುಗಿ, "ರಥಸಪ್ತಮಿಗೆ ಏಳು ಎಲೆಗೆಂದು ನಾನೇ ಅದನ್ನು ಬಿಟ್ಟುಕೊಂಡಿದ್ದೆ ಮೇಷ್ಟ್ರೇ. ನಮ್ಮೂರಿನ ಹಿತ್ತಿಲಲ್ಲಿಯೂ ಒಂದು ಇತ್ತು. ಇರಲಿ, ಎಲೆ ಅಂಗಡಿಯಲ್ಲೂ ಸಿಗುತ್ತೆ" ಎಂದು ಒಳಗೆ ಹೋದರು.

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು!

*

ಆ ಸಂಜೆ ಏಳು ಗಂಟೆಗೆ ಗೇಟಿನ ಹೊರಗಿನ ಕಸದ ರಾಶಿಯಲ್ಲಿ ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕುಳಿತ ಮೇಷ್ಟರನ್ನು ಕಂಡು ದಾರಿಹೋಕರು ಏನು ಕಳೆದುಕೊಂಡಿರಿ ಎಂದು ವಿಚಾರಿಸಿದರು. ಪುಣ್ಯಕ್ಕೆ ಕಸದ ಗಾಡಿ ಇನ್ನೂ ಬಂದಿರಲಿಲ್ಲ. ಬಾಡಿದ ಎಕ್ಕದ ರೆಂಬೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಜೀವವಿದ್ದ ಹುಳುಗಳು ಸಿಕ್ಕಿದ್ದು ಎರಡೇ. ಮನೆಯಾಕೆ ಉಪ್ಪಿನಕಾಯಿಯ ಅಗಲಬಾಯಿಯ ಗಾಜಿನ ಜಾಡಿಯೊಂದನ್ನು ತೊಳೆದು ಒರೆಸಿ ಕೊಟ್ಟರು. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿದರು. ಜಾಡಿಯನ್ನು ಹೊತ್ತು ಮೇಷ್ಟರು ಪಕ್ಕದ ಮನೆಯ ಬಾಗಿಲು ತಟ್ಟಿದರು. ಆ ಮನೆಗೆ ಅವರು ಉಪದೇಶವಿಲ್ಲದೆ ಹೋದದ್ದು ಅದೇ ಮೊದಲು.

"ತಪ್ಪು ನನ್ನದಮ್ಮಾ. ಕೇಳದೆ ಕಡಿಸಿದೆ" ಎಂದು ಅವರು ಅಜ್ಜಿಗೆ ಹೇಳಿದರು. ಬಳಿಕ ಹುಡುಗಿಗೆ ಜಾಡಿಯನ್ನು ಕೊಟ್ಟು, "ಏಳರಲ್ಲಿ ಎರಡು ಸಿಕ್ಕಿವೆ ಮರಿ. ಇವಕ್ಕೆ ದಿನವೂ ಹೊಸ ಎಲೆ ಬೇಕು. ಎಲೆ ತರುವ ಕೆಲಸ ನನ್ನದು, ನೋಡಿ ಬರೆಯುವ ಕೆಲಸ ನಿನ್ನದು. ಹಾಲು ಕಣ್ಣಿಗೆ ತಾಗಬಾರದು, ಎಲೆ ಮುಟ್ಟಿದರೆ ಕೈ ತೊಳೆಯಬೇಕು" ಎಂದರು.

ಮರುದಿನದಿಂದ ಮೇಷ್ಟರ ಬೆಳಗಿನ ತಿರುಗಾಟದ ದಾರಿ ಬದಲಾಯಿತು. ಲಾಲ್‌ಬಾಗಿನ ಗುಲಾಬಿಗಳನ್ನು ಬಿಟ್ಟು, ಖಾಲಿ ನಿವೇಶನಗಳಲ್ಲಿ ಎಕ್ಕದ ಎಲೆಯನ್ನು ಹುಡುಕುವ ಕೆಲಸ. ಊರಿನಲ್ಲಿ ಎಕ್ಕ ಎಷ್ಟು ಅಪರೂಪವಾಗಿದೆ ಎಂಬುದು ಅವರಿಗೆ ಆಗ ತಿಳಿಯಿತು. ಎರಡರಲ್ಲಿ ಒಂದು ಹುಳು ಮೂರನೆಯ ದಿನ ಸತ್ತಿತು. ಇನ್ನೊಂದು ತಿಂದು ತಿಂದು ಕಿರುಬೆರಳಿನಷ್ಟಾಗಿ, ಒಂದು ಬೆಳಿಗ್ಗೆ ಜಾಡಿಯ ಬಾಯಿಬಟ್ಟೆಗೆ ತಲೆಕೆಳಗಾಗಿ ಜೋತುಬಿತ್ತು. ಮರುದಿನ ಅದು ಹಸಿರು ಜುಮುಕಿಯಂಥ ಕೋಶವಾಗಿತ್ತು. ವಾರಕ್ಕಿಂತ ಸ್ವಲ್ಪ ಹೆಚ್ಚು ದಿನ ಕಳೆದ ಬಳಿಕ ಕೋಶ ಕಪ್ಪಿಟ್ಟು, ಒಳಗಿನ ಕಿತ್ತಳೆಯ ರೆಕ್ಕೆ ಕಾಣಿಸತೊಡಗಿತು. ಆ ಬೆಳಿಗ್ಗೆ ಕಚೇರಿಗೆ ಹೊರಟಿದ್ದ ಎಂಜಿನಿಯರ್ ದಂಪತಿಗಳೂ ಚೀಲವನ್ನು ಹೆಗಲಿಗೇರಿಸಿಕೊಂಡೇ ಬಾವಿಕಟ್ಟೆಯ ಮೇಲೆ ಕುಳಿತರು. ಒದ್ದೆ ರೆಕ್ಕೆಯ ಚಿಟ್ಟೆ ಒಣಗುವವರೆಗೆ ಯಾರೂ ಏಳಲಿಲ್ಲ. ಅದು ಹಾರಿ ನುಗ್ಗೆಮರವನ್ನು ದಾಟಿದ ಮೇಲೆ ಹುಡುಗಿ ನೋಟ್‌ಪುಸ್ತಕದಲ್ಲಿ 'ಒಂದು' ಎಂದು ಬರೆದಳು. ಆ ಒಂದರ ಹಿಂದಿನ ಆರನ್ನು ಮೇಷ್ಟರು ಮರೆಯಲಿಲ್ಲ.

*

ಆ ಮೇಲೆ ಅಂಗಳದ ವಿಷಯದಲ್ಲಿ ಒಂದು ಒಪ್ಪಂದವಾಯಿತು. ಪತ್ರ ಬರೆಯಲಿಲ್ಲ, ಬಾವಿಕಟ್ಟೆಯ ಮೇಲೆ ಕಾಫಿ ಕುಡಿಯುತ್ತ ಆದದ್ದು. ಆಚೆಯಿಂದ ಈಚೆಗೆ ನಿಜವಾಗಿ ದಾಟಿ ಬಂದು ಕೆಡುಕು ಮಾಡುವ ವಸ್ತುಗಳು ಯಾವುವು, ಕೇವಲ ಕಣ್ಣಿಗೆ ಹಿಡಿಸದ ವಸ್ತುಗಳು ಯಾವುವು ಎಂದು ಮೇಷ್ಟರು ಮೊದಲು ತಮ್ಮ ಮನಸ್ಸಿನಲ್ಲಿಯೇ ಎರಡು ಪಟ್ಟಿ ಮಾಡಿಕೊಂಡರು. ಮೊದಲ ಪಟ್ಟಿಯಲ್ಲಿ ನಾಲ್ಕೇ ಹೆಸರು ಬಂದವು: ಪಾರ್ಥೇನಿಯಂ, ಜೇಕು, ಬಸವನಹುಳು, ಕಂಬಳಿಹುಳು. ಎರಡನೆಯ ಪಟ್ಟಿ ಉದ್ದವಾಗಿತ್ತು. ಮುರುಕು ಸೈಕಲ್ಲಿನಿಂದ ಹಿಡಿದು ತುಂಬೆಯ ಗಿಡದವರೆಗೆ ಎಲ್ಲವೂ ಅದರಲ್ಲಿದ್ದವು. ಎರಡನೆಯ ಪಟ್ಟಿಯನ್ನು ಅವರು ಯಾರಿಗೂ ತೋರಿಸಲಿಲ್ಲ.

ನಾಲ್ಕಕ್ಕೂ ಉಪಾಯ ಹೂಡಿದ್ದಾಯಿತು. ಮನೆಯಲ್ಲಿ ಉಳಿದಿದ್ದ ಕಡಪ ಕಲ್ಲಿನ ತುಂಡುಗಳನ್ನು ಎರಡು ಅರ್ಧಗಳ ಗಡಿಯುದ್ದಕ್ಕೂ ಒಂದಡಿ ಆಳಕ್ಕೆ ಹೂಳಿಸಿದರು. ಜೇಕಿನ ಗಡ್ಡೆಗಳಲ್ಲಿ ಬಹುಪಾಲು ಮೇಲಿನ ಅರ್ಧ ಅಡಿ ಮಣ್ಣಿನಲ್ಲಿಯೇ ಇರುವುದರಿಂದ ಅವುಗಳ ಸುರಂಗಮಾರ್ಗ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು. ನೆಲದ ಮೇಲೆ ಕಾಣದ ಈ ಗೋಡೆ ವಿಭಾಗಪತ್ರಕ್ಕೆ ವಿರೋಧವೂ ಅಲ್ಲ! ಸಂಜೆ ಒದ್ದೆ ಗೋಣಿಚೀಲವೊಂದನ್ನು ಪರಂಗಿಯ ಎಲೆಗಳ ಮೇಲೆ ಹಾಸಿಟ್ಟರೆ ಬಸವನಹುಳುಗಳು ತಾವಾಗಿಯೇ ಅದರಡಿ ಸೇರುತ್ತವೆ. ಬೆಳಿಗ್ಗೆ ಕೈಚೀಲ ತೊಟ್ಟು ಆಯ್ದು ಉಪ್ಪುನೀರಿಗೆ ಹಾಕುವ ಕೆಲಸವನ್ನು ಎಂಜಿನಿಯರರು ವಹಿಸಿಕೊಂಡರು. ನುಗ್ಗೆಯನ್ನು ವರ್ಷಕ್ಕೊಮ್ಮೆ ಕಾಯಿ ಮುಗಿದ ಮೇಲೆ ಸವರಿ ಕೈಗೆಟುಕುವ ಎತ್ತರದಲ್ಲಿ ಇರಿಸಿದರೆ, ಹುಳು ಕಾಣಿಸಿದ ದಿನವೇ ತಿಳಿಯುವುದೆಂದೂ ಗೊತ್ತಾಯಿತು. ಪಾರ್ಥೇನಿಯಮ್ಮನ್ನು ಮಳೆ ಬಂದ ಮರುದಿನ, ಮಣ್ಣು ಸಡಿಲವಾಗಿರುವಾಗ, ಹೂ ಕಾಣಿಸುವ ಮುನ್ನ ಎರಡು ಮನೆಯವರೂ ಅರ್ಧ ಗಂಟೆ ಕೂತು ಕೀಳುವುದೆಂದಾಯಿತು.

ಆಚೆಯ ಕಸದಿಂದ ಒಂದು ಲಾಭವೂ ಹೊರಟಿತು. ಅಡುಗೆಮನೆಯ ಹಸಿಕಸಕ್ಕೆ ಅದರ ಎರಡರಷ್ಟೋ ಮೂರರಷ್ಟೋ ಒಣಗಿದ ಎಲೆ ಬೆರೆಸಿದರೆ ನಾರದ ಒಳ್ಳೆಯ ಗೊಬ್ಬರವಾಗುತ್ತದೆ. ಮೇಷ್ಟರು ಒಣ ಎಲೆಗೆಂದು ಬೀದಿ ಗುಡಿಸುವವರನ್ನು ಕೇಳಿಕೊಳ್ಳುತ್ತಿದ್ದರು. ಈಗ ಪಕ್ಕದ ಅರ್ಧವೇ ಅದನ್ನು ಒದಗಿಸಿತು. ಗೊಬ್ಬರದ ಗುಂಡಿಗೆ ಎರಡು ಮನೆಯ ಕಸ, ಗೊಬ್ಬರದಿಂದ ಬೆಳೆದ ಕರಿಬೇವಿಗೆ ಎರಡು ಮನೆಯ ಒಗ್ಗರಣೆ.

ಹಾಗೆಂದು ಆಚೆಯ ಅರ್ಧ ಲಾಲ್‌ಬಾಗ್ ಆಯಿತೆಂದು ತಿಳಿಯಬಾರದು. ಆ ವರ್ಷ ಬೆಂಗಳೂರಿಗೆ ಎಂದೂ ಬಾರದಂಥ ಮಳೆ ಬಂತು. ಸೆಪ್ಟೆಂಬರಿನಲ್ಲಿ ಊರಿನ ಎಷ್ಟೋ ಬಡಾವಣೆಗಳು ನೀರಿನಲ್ಲಿ ನಿಂತವು. ಆಚೆಯ ಅರ್ಧ ಮತ್ತೆ ಹಸಿರಾಗಿ ಎದ್ದಿತು. ಎಂಜಿನಿಯರರು ನಾಲ್ಕು ವಾರ ಬಸವನಹುಳು ಆಯ್ದು ಐದನೆಯ ವಾರ ಮರೆತರು. ಸೈಕಲ್ಲು ಇದ್ದಲ್ಲಿಯೇ ಇದೆ. ಆದರೆ ಕಡಿದ ಎಕ್ಕದ ಬುಡದಿಂದ ಜೂನಿನಲ್ಲಿಯೇ ಬೂದುಹಸಿರಿನ ಎರಡು ಚಿಗುರು ಹೊರಟಿದ್ದವು. ಕಡಿದರೆ ಸಾಯುವ ಗಿಡವಲ್ಲ ಅದು. ಅದರ ಸುತ್ತ ಮೇಷ್ಟರು ತಾವೇ ನಾಲ್ಕು ಕಲ್ಲಿಟ್ಟು ಗುರುತು ಮಾಡಿದರು. ತುಂಬೆ, ಎಕ್ಕ, ಹೆಸರು ತಿಳಿಯದ ಸಣ್ಣ ಹಳದಿ ಹೂಗಳು ಇರುವ ಆ ಮೂಲೆಗೆ ಅವರ ಅರ್ಧದ ಗುಲಾಬಿಗಳಿಗಿಂತ ಹೆಚ್ಚು ಚಿಟ್ಟೆಗಳು ಬರುತ್ತವೆ ಎಂಬುದನ್ನು ಹುಡುಗಿ ನೋಟ್‌ಪುಸ್ತಕದಲ್ಲಿ ಲೆಕ್ಕವಿಟ್ಟು ತೋರಿಸಿದಾಗ ಮೇಷ್ಟರಿಗೆ ಕೊಂಚ ಮುಖಭಂಗವಾಯಿತು. ಆದರೆ ಲೆಕ್ಕ ಸರಿಯಾಗಿತ್ತು.

2023ರ ಜನವರಿ 28ರಂದು ರಥಸಪ್ತಮಿ. ಹಿಂದಿನ ಸಂಜೆ ಮನೆಯಾಕೆ ಎಂದಿನಂತೆ ಗಾಂಧಿಬಜಾರಿಗೆ ಹೊರಟರು. ಪ್ರತಿವರ್ಷವೂ ಎಕ್ಕದ ಎಲೆಯನ್ನು ಅಲ್ಲಿ ಹಣ ಕೊಟ್ಟು ತರುವುದು ಆ ಮನೆಯ ರೂಢಿ. ಹತ್ತು ಹೆಜ್ಜೆಯ ಆಚೆ ಗಿಡವಿರುವಾಗಲೂ ಹಾಗೆಯೇ ನಡೆದಿತ್ತು. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ದೃಷ್ಟಾಂತ ಬೇಕೆ?

"ಚೀಲ ಇಡು, ಬಂದೆ" ಎಂದು ಮೇಷ್ಟರು ಬಾವಿಯನ್ನು ಬಳಸಿ ಆಚೆ ಹೋದರು. ಗಿಡ ಸೊಂಟದೆತ್ತರಕ್ಕೆ ಬೆಳೆದಿತ್ತು. ಕೈ ಚಾಚಿದರೆ ಎಲೆ. ಚಾಚಲಿಲ್ಲ. ಬಾಗಿಲಿಗೆ ಹೋಗಿ ತಟ್ಟಿದರು.

"ಅಮ್ಮಾ, ನಾಳೆಗೆ ಎಕ್ಕದ ಎಲೆ ಬೇಕಾಗಿತ್ತು. ತಲೆಗೆ ಒಂದು, ಭುಜಕ್ಕೆರಡು, ಮಂಡಿಗೆರಡು, ಪಾದಕ್ಕೆರಡು. ಇಬ್ಬರಿಗೆ ಹದಿನಾಲ್ಕು."

ಅಜ್ಜಿ ನಕ್ಕು ಮೊಮ್ಮಗಳನ್ನು ಕರೆದರು. ಹುಡುಗಿ ಗಿಡದ ಬಳಿಗೆ ಬಂದು ಒಂದೊಂದು ಎಲೆಯನ್ನೂ ಮೆಲ್ಲನೆ ಮಗುಚಿ, ಅಡಿಯಲ್ಲಿ ಮೊಟ್ಟೆಯಿದೆಯೇ ಎಂದು ನೋಡಿ, ಇಲ್ಲದ್ದನ್ನು ಮಾತ್ರ ಕಿತ್ತು ಎಣಿಸುತ್ತ ಕೊಟ್ಟಳು. ಹದಿಮೂರಕ್ಕೆ ನಿಲ್ಲಿಸಿ, "ಇದರಲ್ಲಿ ಮೊಟ್ಟೆ ಇದೆ ತಾತ, ಇದು ಬೇಡ" ಎಂದು ಇನ್ನೊಂದು ರೆಂಬೆಯ ಕಡೆ ತಿರುಗಿದಳು.

ಮೇಷ್ಟರು ಎಲೆಗಳನ್ನು ಹಿಡಿದು ಕಾದು ನಿಂತರು. ಅವರಿಗೆ ಆತುರವೇನೂ ಇರಲಿಲ್ಲ.